ವೇದವತಿಯವರ ಮೊದಲ ‘ಬೇಡ’

ಹೊಳೆನರಸೀಪುರದಲ್ಲಿ ಬಟ್ಟೆ ಅಂಗಡಿಯ ಮೇಲಿನ ಕೋಣೆಯಲ್ಲಿ ನಾನು ಕಂಪ್ಯೂಟರ್ ಕಲಿಸುತ್ತಿದ್ದೆ. ಬಾಗೂರಿನ ರೈತರ ಮನೆಯವನು. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. 2002ರಲ್ಲಿ ಆ ಕೋಪಕ್ಕೆ ದಿನಾ ಸಿಕ್ಕವರು ವೇದವತಿ ಟೀಚರ್. ದೇವಸ್ಥಾನದ ಬೀದಿಯ ಅರ್ಚಕರ ಸೊಸೆ, ನಲವತ್ತು ದಾಟಿದವರು, ಖಾಸಗಿ ಶಾಲೆಯೊಂದರಲ್ಲಿ ತಾತ್ಕಾಲಿಕ ಟೀಚರ್. ಶಾಲೆಗೆ ಕಂಪ್ಯೂಟರ್ ಬಂದಿತ್ತು. ಅದನ್ನು ಕಲಿಸುವವರಿಗೆ ಕೆಲಸ ಕಾಯಂ, ಉಳಿದ ತಾತ್ಕಾಲಿಕರು ಬೇಸಿಗೆಗೆ ಮನೆಗೆ. ಆಕೆಗೆ ಆ ಕೆಲಸ ಬೇಕೇ ಬೇಕಿತ್ತು.

ವೆಬ್ ಪುಟದ ಪಾಠ ‘ಟ್ರೂ, ಫಾಲ್ಸ್’ವರೆಗೆ ಬಂತು. “ಹೌದು ಅಂದ್ರೆ ಒಂದು ದಾರಿ, ಇಲ್ಲ ಅಂದ್ರೆ ಇನ್ನೊಂದು. ನಡುವೆ ಏನೂ ಇಲ್ಲ ಕಣಮ್ಮ,” ಎಂದು ‘ಇಫ್’, ‘ಎಲ್ಸ್’ ಎರಡನ್ನೂ ಬೋರ್ಡಿನ ಮೇಲೆ ಬರೆದೆ. ಪ್ರಶ್ನೆ ಕೇಳಿ, ಉತ್ತರಕ್ಕೆ ತಕ್ಕಂತೆ ನಡೆಯುವ ಪುಟ ಮಾಡಲು ಹೇಳಿದೆ.

ಆಕೆಯ ಪುಟ ‘ಕಾಫಿ ಬೇಕೆ?’ ಎಂದು ಕೇಳಿತು. ಬೇಡ ಎಂದು ಒತ್ತಿದೆ. ‘ಸ್ವಲ್ಪವಾದರೂ ತೊಗೊಳ್ಳಿ’ ಎಂದಿತು. ಮತ್ತೆ ಬೇಡ ಎಂದೆ. ಮತ್ತೆ ಅದೇ ಉಪಚಾರ. ಕಂಪ್ಯೂಟರ್ ಆರಿಸದೆ ಅಲ್ಲಿಂದ ಬಿಡುಗಡೆಯೇ ಇರಲಿಲ್ಲ.

“ಇದೇನಮ್ಮಾ ಇದು?”

“ಮೊದಲನೇ ಸಲ ಬೇಡ ಅಂದೋರನ್ನ ಹಾಗೇ ಕಳಿಸಿಬಿಡೋದೇ ಮೇಷ್ಟ್ರೇ? ಸಂಕೋಚಕ್ಕೆ ಅಂದಿರ್ತಾರೆ.”

“ಕಂಪ್ಯೂಟರ್‌ಗೆ ಸಂಕೋಚ ಗೊತ್ತಿಲ್ಲ. ಅಂದಿದ್ದೇ ಕೊನೆ ಅದ್ಕೆ. ಅಳಿಸಿ.”

ಮುಖ ಸಣ್ಣದು ಮಾಡಿಕೊಂಡು ಅಳಿಸಿದರು. ಆದರೂ ಬಿಡದೆ ಕಲಿತರು, ಪರೀಕ್ಷೆಯಲ್ಲಿ ಒಳ್ಳೆಯ ಅಂಕವನ್ನೂ ತೆಗೆದರು. ನಿಜ ಹೇಳುತ್ತೇನೆ, ನನ್ನ ಮಗಳೇ ಪಾಸಾದಷ್ಟು ಹಿಗ್ಗಿದೆ.

ಮರುವಾರ ದಾರಿಯಲ್ಲಿ ಸಿಕ್ಕಾಗ ಆಕೆಯ ಕಣ್ಣು ಕೆಂಪಾಗಿತ್ತು. ಹೆಡ್‌ಮಾಸ್ಟರ್ ಗೌರೀಶಂಕರ ಅವರು ಕರೆದು, ಕಂಪ್ಯೂಟರ್ ಟೀಚರ್ ಆಗುತ್ತೀರಾ ಎಂದು ಕೇಳಿದ್ದರಂತೆ.

“ನೀವೇನಂದ್ರಿ?”

“ನನಗ್ಯಾಕೆ ಸಾರ್, ಬೇರೆ ಯಾರಿಗಾದ್ರೂ ಕೊಡಿ ಅಂದೆ. ಇನ್ನೊಂದು ಸಲ ಕೇಳ್ತಾರೆ ಅಂತ ನಿಂತೇ ಇದ್ದೆ. ಅವರು ಸರಿ ಅಂತ ಫೈಲ್ ಮುಚ್ಚಿಬಿಟ್ಟರು.”

ತಲೆ ಚಚ್ಚಿಕೊಳ್ಳಬೇಕೆನಿಸಿತು. “ಹತ್ತಿ ಸ್ಕೂಟರ್,” ಎಂದೆ.

ಗೌರೀಶಂಕರ ಅವರೋ, ತಾವು ಕೇಳಿದ್ದಕ್ಕೆ ಬಂದ ಉತ್ತರವನ್ನೇ ಉತ್ತರವೆಂದು ನಂಬುವ ಮನುಷ್ಯ. ನಾವು ಶಾಲೆ ತಲುಪುವಷ್ಟರಲ್ಲಿ ಬೇರೆಯವರ ಹೆಸರು ಬರೆಯಲು ಆಗಲೇ ಪೆನ್ನಿನ ಮುಚ್ಚಳ ತೆಗೆದಿದ್ದರು.

“ಸಾ, ಇವ್ರನ್ನ ಇನ್ನೊಂದು ಸಲ ಕೇಳಿ,” ಎಂದೆ.

“ಬೇಡ ಅಂದರಲ್ರೀ ಅವರೇ.”

“ಅದು ಮೊದಲ್ನೇ ಬೇಡ ಸಾ. ಲೆಕ್ಕಕ್ಕಿಲ್ಲ.”

ಅವರು ನನ್ನನ್ನು ನೋಡಿದರು, ಆಕೆಯನ್ನು ನೋಡಿದರು. “ಏನಮ್ಮಾ, ಈ ಕೆಲಸ…”

“ಬೇಕು ಸಾರ್,” ಎಂದರು ವೇದವತಿ, ಅವರ ಮಾತು ಮುಗಿಯುವ ಮೊದಲೇ. ಅಂದವರೇ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಹುಟ್ಟಿದ ಮನೆಯಲ್ಲಾಗಲಿ, ಸೇರಿದ ಮನೆಯಲ್ಲಾಗಲಿ ಆಕೆ ತನಗಾಗಿ ಹಾಗೆ ಬಾಯಿಬಿಟ್ಟು ಕೇಳಿದವರಲ್ಲ.

ಹೆಡ್‌ಮಾಸ್ಟರ್ ನಗುತ್ತಾ ಆಕೆಯ ಹೆಸರನ್ನೇ ಬರೆದರು.

ವಾಪಸ್ಸು ಬರುವಾಗ ಬಸ್ ಸ್ಟ್ಯಾಂಡಿನ ಹೋಟೆಲ್ ಮುಂದೆ ಸ್ಕೂಟರ್ ನಿಲ್ಲಿಸಿದೆ.

“ಕಾಫಿ ಕುಡೀತೀರಾ ಟೀಚರ್?”

“ಅಯ್ಯೋ, ಬೇಡ ಮೇಷ್ಟ್ರೇ.”

ನಾನು ಇನ್ನೊಂದು ಸಲ ಕೇಳಿದೆ.