ಕೆರೆದು ತೆಗೆದ ನಿಷಾದ

ಸಂಗೀತ ಶಾಲೆಯ ಆಫೀಸಿನ ಮೂಲೆಯಲ್ಲಿ ಕೂತು ಇಪ್ಪತ್ತಾರು ವರ್ಷ ಬೇರೆಯವರ ಹಾಡುಗಳಿಗೆ ಸ್ವರ ಬರೆದುಕೊಟ್ಟ ಆ ಮನುಷ್ಯನನ್ನು ಎಲ್ಲರೂ ಕರೆಯುತ್ತಿದ್ದುದು ದುಂಡಕ್ಷರ ಅಂತ. ಅಕ್ಷರ ಮುತ್ತು ಪೋಣಿಸಿದ ಹಾಗೆ. ಗಂಟಲು ಮಾತ್ರ ಒಡೆದ ಮಡಕೆ. ಹಾಡಲು ಬಾರದವನ ತಲೆಯಲ್ಲೂ ಹಾಡು ಹುಟ್ಟೀತು ಅಂತ ಯಾರಿಗೆ ಹೊಳೀಬೇಕು, ಪಾಪ!

ಹುಟ್ಟಿತು, ಒಂದೇ ಒಂದು. ಸಂಜೆ ಬಟ್ಟೆ ಮಡಚುತ್ತ ಕೂತ ಹೆಂಡತಿಯ ಮುಂದೆ ಗುನುಗಿ ಗುನುಗಿ ಎರಡು ವರ್ಷ ತಿದ್ದಿದ. ರಾಗ ಕೆಳಗಿಳಿಯುವಾಗ ಒಂದು ಕಡೆ ನಿಷಾದ, ಅಂದರೆ ‘ನಿ’ ಸ್ವರ, ಬಂದು ನಿಲ್ಲುತ್ತಿತ್ತು. ಅಲ್ಲಿಗೆ ಬಂದಾಗ ಅವಳ ಕೈಯೂ ನಿಂತುಬಿಡುತ್ತಿತ್ತು. ಶಾಲೆಯ ಹೊಸ ಪುಸ್ತಕದಲ್ಲಿ ಅದು ತನ್ನ ಹೆಸರಿನಲ್ಲಿ ಅಚ್ಚಾಗಬೇಕು, ಅವನಿಗಿದ್ದ ಆಸೆ ಅಷ್ಟೇ.

ಪುಸ್ತಕಕ್ಕೆ ಏನು ಸೇರಬೇಕು ಅಂತ ತೀರ್ಮಾನಿಸುವವರು ಸಂಗೀತಶಾಸ್ತ್ರದ ಮೇಷ್ಟ್ರು. ಹಾಳೆ ನೋಡಿದವರೇ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದರು. ಈ ರಾಗ ಇಳಿಯುವಾಗ ನಿಷಾದ ಬರಕೂಡದು, ಇಷ್ಟು ವರ್ಷ ನಕಲು ಮಾಡಿ ಇದೂ ಗೊತ್ತಾಗಲಿಲ್ವೇ ಅಂತ ನಾಲ್ಕು ಜನರೆದುರು ನಕ್ಕರು. ಇವನು ತಲೆಯಾಡಿಸಿ, ಬ್ಲೇಡಿನಿಂದ ಸ್ವರವನ್ನು ಕೆರೆದು ತೆಗೆದ. ಮತ್ತೆ ನೋಡಿದ ಮೇಷ್ಟ್ರು, ಯಾಕೋ ಸಪ್ಪೆ ಅಂತ ಪಕ್ಕಕ್ಕಿಟ್ಟರು. ಉಪ್ಪು ತೆಗಿ ಅಂದವರೇ ಸಪ್ಪೆ ಅಂದರೆ ಯಾರ ಹತ್ತಿರ ಹೇಳಿಕೊಳ್ಳೋದು?

ಸ್ವರ ಕೆರೆಯದ ಒಂದು ಹಳೇ ಪ್ರತಿ ಅವನ ಡ್ರಾಯರಿನಲ್ಲಿತ್ತು. ಹೊಸದೇನಾದರೂ ಇದೆಯಾ ಅಂತ ಬಂದ ಹೆಸರಾಂತ ಗಾಯಕಿಗೆ ಅದನ್ನೇ ಕೊಟ್ಟ. ಅದರ ಮೇಲೆ ಹೆಸರಿರಲಿಲ್ಲ. ಒಮ್ಮೆ ನಗೆಪಾಟಲಾದವನಿಗೆ ಬಾಯಿ ಬಿಡಲು ನಾಚಿಕೆ. ಯಾರದು ಅಂತ ಕೇಳಿದರೆ ಹೇಳೋಣ ಅಂತ ಕಾದ, ಪೆದ್ದ. ಆಕೆ ಕೇಳಲಿಲ್ಲ.

ಶಾಲೆಯ ಸಭಾಂಗಣದಲ್ಲಿ ಆಕೆ ಅದನ್ನು ಹಾಡಿದರು. ಗಂಡ ಹೆಂಡತಿ ಕೊನೆಯ ಸಾಲಿನಲ್ಲಿದ್ದರು. ನಿಷಾದ ಬಂದು ನಿಂತಾಗ ಸಭೆ ಉಸಿರು ಬಿಡಲಿಲ್ಲ. ಆಮೇಲೆ ಚಪ್ಪಾಳೆಯೋ ಚಪ್ಪಾಳೆ. ತಾವೇ ಹಾಕಿದ ಕೆಂಪು ಸುತ್ತು ನೆನಪಿತ್ತೋ ಇಲ್ಲವೋ, ಮೇಷ್ಟ್ರು ಮೈಕು ಹಿಡಿದು, ಶಾಸ್ತ್ರ ಮೀರೋ ಧೈರ್ಯ ಇಂಥ ದೊಡ್ಡ ಕಲಾವಿದರಿಗೆ ಮಾತ್ರ ಬರುತ್ತೆ ಅಂದರು. ಗಾಯಕಿ ಕೈಮುಗಿದು ನಕ್ಕು ಹೊಗಳಿಕೆ ಒಪ್ಪಿಸಿಕೊಂಡರು.

ಮರುವಾರ ಪುಸ್ತಕಕ್ಕೆ ಹೊಸ ಪುಟ ತಯಾರಾಯಿತು. ಈ ರಾಗ ಇಳಿಯುವಾಗಲೂ ನಿಷಾದ ಸಲ್ಲುತ್ತದೆ, ಇದು ಗಾಯಕಿಯ ಕೊಡುಗೆ ಅಂತ ಅದರಲ್ಲಿತ್ತು. ಶುದ್ಧಪ್ರತಿ ಬರೆಯಲು ಅದು ಬಂದು ಬಿದ್ದದ್ದು ಇವನ ಮೇಜಿಗೇ.

"ಅದು ನಿಮ್ಮದು ಅಂತ ಈಗಲಾದ್ರೂ ಹೇಳ್ರೀ," ಅಂದಳು ಹೆಂಡತಿ.

"ಯಾವ ಬಾಯಲ್ಲಿ ಹೇಳಲೇ? ತಪ್ಪು ಅಂತ ಒಪ್ಪಿ ಕೆರೆದವನು ನಾನೇ ಅಲ್ವಾ."

ಪುಟ ಬರೆದುಕೊಟ್ಟ. ಅಕ್ಷರ ಎಂದಿನಂತೆ ದುಂಡಗಿತ್ತು. ಅವತ್ತಿನಿಂದ ಮನೆಯಲ್ಲಿ ಅವನು ಗುನುಗಿದ್ದಿಲ್ಲ. ಹೆಂಡತಿ ಬಟ್ಟೆ ಮಡಚೋ ಕೆಲಸ ಈಗ ಬೇಗ ಮುಗಿಯುತ್ತದೆ.