ಕಲ್ಲಿನ ಕೋಠಿಯ ಉಮೇದ್ವಾರ

ಮೊನ್ನೆ ಕರೆಂಟು ಹೋದಾಗ ಕಂದೀಲು ಇಳಿಸಿ, ಅದರ ಗಾಜನ್ನು ಒದ್ದೆ ಕಾಗದದಿಂದ ಒರೆಸಿದೆ. ಕಾಗದಕ್ಕೆ ಕಾಡಿಗೆ ಹತ್ತಿ ಒಂದು ವಾಸನೆ ಎದ್ದಿತು. ನಿಜಾಮರ ಕಾಲದ ಕೊಪ್ಪಳದಲ್ಲಿ, ಕಲ್ಲಿನ ಕೋಠಿಯ ಉಮೇದ್ವಾರನ ಕೈಗೂ ಇದೇ ವಾಸನೆ ಇತ್ತು...

ಕೋಠಿಯೆಂದರೆ ಸುತ್ತಲಿನ ಊರುಗಳ ಹಳೆಯ ಶಾಸನ, ವಿಗ್ರಹಗಳನ್ನು ತಂದಿಡುತ್ತಿದ್ದ ಸರ್ಕಾರಿ ಕಟ್ಟಡ. ಹೇರಿ ತರುವವನು ನಾನು. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವನು ನಿಜ, ಆದರೆ ನನ್ನ ಬಂಡಿಯಲ್ಲಿ ಬಂದ ಯಾವ ಕಲ್ಲಿನ ಮೂಲೆಯೂ ಮುಕ್ಕಾಗಲಿಲ್ಲ. ಉಮೇದ್ವಾರ ಮ್ಯಾಟ್ರಿಕ್ ಮುಗಿಸಿದ್ದ. ಕುಕನೂರು ಕಡೆಯ ಒಕ್ಕಲುತನದ ಮನೆಯವನು. ಪಗಾರವಿಲ್ಲದೆ ಕೆಲಸ ಕಲಿಯಬೇಕು, ಸಾಹೇಬರು ಮನಸ್ಸು ಮಾಡಿದರೆ ಮುಂದೆ ನೌಕರಿ. ಉಮೇದ್ವಾರಿ ಎಂದರೆ ಅಷ್ಟೇ. ಶಾಸನದ ಮೇಲೆ ನೆನೆಸಿದ ಕಾಗದ ಹಾಸಿ, ಬ್ರಶ್ಶಿನಿಂದ ಬಡಿದು, ಕಾಡಿಗೆಯ ಮಸಿ ಒತ್ತಿದರೆ ಅಕ್ಷರಗಳು ಬೆಳ್ಳಗೆ ಏಳುತ್ತಿದ್ದವು. ಅದನ್ನವನು ಬೇಗ ಕಲಿತ.

ಕೋಠಿಯ ಉಸ್ತುವಾರಿ ದರೋಗಾ ಸಾಹೇಬರದು. ಅವರು ಹುಡುಗನಿಂದ ಮನೆಗೆ ನೀರು ಹೊರಿಸುತ್ತಿದ್ದದ್ದೇ ಹೆಚ್ಚು. "ಏನ್ರಿ ಮ್ಯಾಟ್ರಿಕ್ ಸಾಹೇಬ್ರ, ಕೊಡ ಎತ್ತಾಕೂ ಪುಸ್ತಕ ನೋಡಬೇಕೇನು?" ಎನ್ನುವರು. ಒಂದು ದಿನ, ಯಾರೂ ಕಾಣದ ಶಾಸನ ತಂದವನಿಗೇ ನೌಕರಿ ಎಂದರು. ಉಮೇದ್ವಾರ ಹೆಮ್ಮೆಯಿಂದ ಬಾಯಿ ಬಿಟ್ಟ.

"ನಮ್ಮ ಹೊಲದಾಗ ವೀರಗಲ್ಲ ಐತ್ರಿ, ನಮ್ಮ ಮನಿತನದ ಹಿರ್ಯಾಂದು. ಎಣ್ಣಿ ಜಿಡ್ಡಿನ ಕೆಳಗ ಅಕ್ಷರ ಅದಾವಂತ ನಮ್ಮ ಮುತ್ಯಾ ಹೇಳ್ತಿದ್ದ."

"ಮತ್ತ ತಾರಲೇ. ಹೊಲದಾಗ ಕಲ್ಲ ಬಿತ್ತಿ ಏನ್ ಬೆಳೀತಿ?"

ಬಂಡಿ ಹೂಡಿಕೊಂಡು ಹೋದೆವು. ಅವನ ತಾಯಿ ಕಲ್ಲನ್ನು ತಬ್ಬಿ ಕೂತಿದ್ದಳು. ಅಮಾವಾಸ್ಯೆಗೊಮ್ಮೆ ಅದನ್ನು ಬೂದಿ ಹಚ್ಚಿ ತಿಕ್ಕಿ ತೊಳೆದು ಎಣ್ಣೆ ಎರೆಯುವುದು ಆ ಮನೆಯ ಸೊಸೆಯಂದಿರ ಪದ್ಧತಿ.

"ದೇವರನ್ನ ಹೇರ್ಕೊಂಡು ಹೊಂಟೀಯಲ್ಲೋ ಯಪ್ಪಾ," ಎಂದಳು.

"ಅಲ್ಲಿ ನೆರಳಾಗ ಇರ್ತೈತಿ ಬೇ. ನನ್ನ ಕಣ್ಣ ಮುಂದನ ಇರ್ತೈತಿ."

ಕಲ್ಲು ಬಂಡಿ ಏರಿದ ಮೇಲೆ ಅವನಪ್ಪ, "ಅದರ ಸಂಗಾಟ ನೀನೂ ಹೋದಂಗ," ಎಂದು ಬೆನ್ನು ತಿರುಗಿಸಿದ.

ಕೋಠಿಯಲ್ಲಿ ಉಮೇದ್ವಾರ ಜಿಡ್ಡು ತೆಗೆದು ಕಾಗದ ಹಾಸಿದ, ಬಡಿದ, ಮಸಿ ಒತ್ತಿದ. ಕಾಗದ ಇಡೀ ಕರ್ರಗೆ ಬಂತು. ಮತ್ತೊಂದು ಹಾಸಿದ, ಅದೂ ಕರ್ರಗೆ. ಎಷ್ಟು ತಲೆಮಾರಿನ ಬೂದಿಯೋ, ತಿಕ್ಕಾಟವೋ... ಪೂಜೆಯೇ ಅಕ್ಷರಗಳನ್ನು ತಿಂದುಬಿಟ್ಟಿತ್ತು. ದರೋಗಾ ನಕ್ಕರು. ಕಲ್ಲನ್ನು ಊರಿಗೆ ವಾಪಸ್ ಒಯ್ಯುತ್ತೇನೆಂದು ಉಮೇದ್ವಾರ ಕೈಮುಗಿದ.

"ಸರ್ಕಾರದ ಅಂಗಳಕ್ಕ ಬಂದದ್ದು ಸರ್ಕಾರದ್ದು," ಎಂದರು ಸಾಹೇಬರು.

ಕಲ್ಲನ್ನು ಬಚ್ಚಲ ಬಾಗಿಲಿಗೆ ಮಲಗಿಸಿದರು. ಮುಂಜಾನೆ ಅದರ ಮೇಲೆ ನಿಂತು ಕಾಲು ತೊಳೆಯುತ್ತಿದ್ದರು. ನೀರು ಹಾಕುವವನು ಉಮೇದ್ವಾರ. ನೋಡೋಣ, ನೋಡೋಣ ಎನ್ನುತ್ತ ನೌಕರಿಯ ಆಸೆಯನ್ನು ಮಾತ್ರ ಅವರು ಸಾಯಗೊಡಲಿಲ್ಲ. ಊರಿನ ದಾರಿ ಮುಚ್ಚಿದವನಿಗೆ ಬೇರೆ ಏನಿತ್ತು?

ಅಮಾವಾಸ್ಯೆ ಬಂತು. ತಾಯಿ ತಂಬಿಗೆಯಲ್ಲಿ ಎಣ್ಣೆ ಹಿಡಿದು ಅಷ್ಟು ದೂರದಿಂದ ನಡೆದು ಬಂದು ಕೋಠಿಯ ಬಾಗಿಲಲ್ಲಿ ನಿಂತಳು. ದರೋಗಾ ಕಲ್ಲಿನ ಮೇಲಿದ್ದರು.

"ಯಾರಲೇ ಆ ಮುದುಕಿ?"

ಉಮೇದ್ವಾರ ನೀರು ಸುರಿಯುವುದನ್ನು ನಿಲ್ಲಿಸಲಿಲ್ಲ. "ಗೊತ್ತಿಲ್ರಿ ಸಾಹೇಬ್ರ."

ಅವಳಿಗೆ ಕೇಳಿಸಿತು. ಎಣ್ಣೆಯನ್ನು ಬಾಗಿಲ ಮಣ್ಣಿಗೆ ಸುರಿದು, ಖಾಲಿ ತಂಬಿಗೆ ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು.

ನೌಕರಿ ದರೋಗಾರ ಹೆಂಡತಿಯ ತಮ್ಮನಿಗೆ ಆಯಿತು. ಆ ದಿನವೂ ಉಮೇದ್ವಾರ ಅವರ ಕಾಲಿಗೆ ನೀರು ಹಾಕಿಯೇ ಹೋದ. ಎಲ್ಲಿಗೆ ಹೋದನೋ...

ಈಗ ಆ ಕೋಠಿ ಇಲ್ಲ. ಅದನ್ನು ಕೆಡವಿದಾಗ ಬಚ್ಚಲ ಕಲ್ಲೂ ಒಡೆದು ಜಲ್ಲಿಯಾಗಿ ರಸ್ತೆಗೆ ಬಿತ್ತು. ಕುಕನೂರು ಸಂತೆಯಲ್ಲಿ ಅವನ ಊರವರು ಸಿಕ್ಕಾಗ ಒಮ್ಮೆ ವಿಚಾರಿಸಿದೆ.

"ಆ ಮನಿಯಾಗ ಅಂಥಾ ಮಗಾ ಯಾರೂ ಇದ್ದಿಲ್ರಿ," ಎಂದರು.

ಅವನಿದ್ದ ಎಂದು ಬಲ್ಲವನು ಈಗ ನಾನೊಬ್ಬನೇ ಇರಬೇಕು.