ಅತ್ತೆಗೆ ನಾನೇ ಮೂಗಾಗಿದ್ದೆ

ಹೋದ ವರ್ಷ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ, ಗುಂಡ್ಲುಪೇಟೆಯ ನಮ್ಮ ಮನೆಯಲ್ಲಿ ಮಗಳು ಗೀತಾ ಸೋಪು ಮಾಡಲು ಕೂತಿದ್ದಳು. ಅಂಗಡಿಯ ಸೋಪು ಹಾಕಿದರೆ ಅವಳ ಕೈ ಬಿರಿಯುತ್ತದೆ. ಅದಕ್ಕೇ ಫೋನಿನಲ್ಲಿ ನೋಡಿ ಕಲಿತು, ಕೊಬ್ಬರಿ ಎಣ್ಣೆಗೆ ಸ್ವಲ್ಪ ಹರಳೆಣ್ಣೆ ಸೇರಿಸಿ, ಕಾಸ್ಟಿಕ್ ಸೋಡಾ ಕರಗಿಸಿದ ನೀರನ್ನು ಸಣ್ಣಗೆ ಬಿಡುತ್ತಾ ಕಡೆಯುತ್ತಾಳೆ. ಹರಳೆಣ್ಣೆ ಇದ್ದರೆ ನೊರೆ ಚೆನ್ನಾಗಿ ಬರುತ್ತದಂತೆ, ಚರ್ಮ ಬಿಗಿಯುವುದಿಲ್ಲವಂತೆ. ಬೆಚ್ಚಗಾದ ಎಣ್ಣೆಯ ಮಂದ ವಾಸನೆ ನಡುಮನೆಯವರೆಗೂ ಬಂತು. "ಅಪ್ಪ, ಈ ಎಣ್ಣೆ ಹಳೇದಾಗಿದೆಯೇನೋ, ಸ್ವಲ್ಪ ಮೂಸಿ ಹೇಳಿ" ಎಂದು ಅವಳು ಬಟ್ಟಲನ್ನು ನನ್ನ ಮುಂದೆ ಹಿಡಿದಳು. ಮೂಸಿದೆ. ಎಣ್ಣೆ ಚೆನ್ನಾಗಿಯೇ ಇತ್ತು. ಆದರೆ ಹಾಗೆನ್ನಲು ಬಾಯಿ ಬರಲಿಲ್ಲ. ಚಿಕ್ಕಂದಿನಲ್ಲಿ ಇದೇ ಪ್ರಶ್ನೆಗೆ ನಾನೊಂದು ಸುಳ್ಳು ಹೇಳಿದ್ದೆ.

ಉಡಿಗಾಲದಲ್ಲಿ ನಮ್ಮದು ನಾಡಹೆಂಚಿನ ಮನೆ. ಬಾಗಿಲು ದಾಟಿದರೆ ಮೊದಲು ಎತ್ತುಗಳು, ಆಮೇಲೆ ಮನುಷ್ಯರು. ಹಿತ್ತಲ ಬೇಲಿಯುದ್ದಕ್ಕೂ ಹರಳುಗಿಡ. ಬಿಸಿಲಿಗೆ ಹರಡಿದ ಕಾಯಿ ಚಟ್ಟೆಂದು ಸಿಡಿದು, ಹುಲಿಬಣ್ಣದ ಬೀಜಗಳು ಗೋಡೆಗೆ ಬಡಿದು ಉರುಳುತ್ತಿದ್ದವು. ಅವನ್ನು ಆಯ್ದು, ಹುರಿದು, ಒರಳಲ್ಲಿ ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಸೌಟಿನಿಂದ ತೆಗೆಯುತ್ತಿದ್ದವಳು ಅಪ್ಪನ ಕೊನೆಯ ತಂಗಿ ಪುಟ್ಟತಾಯಮ್ಮ. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದವಳು. ಹುಡುಗಿಯಾಗಿದ್ದಾಗ ಬಂದ ಯಾವುದೋ ಜ್ವರದಲ್ಲಿ ಅವಳಿಗೆ ವಾಸನೆ ತಿಳಿಯುವುದೇ ಹೋಗಿತ್ತು. ಮಲ್ಲಿಗೆಯೂ ಒಂದೇ, ಸಗಣಿಯೂ ಒಂದೇ. ಆದರೆ ಹರಳು ಹುರಿಯುವಾಗ ವಾಸನೆ ನೋಡದೆ ಆಗುವುದಿಲ್ಲ. ಒಂದು ಗಳಿಗೆ ಹೆಚ್ಚಾದರೂ ಎಣ್ಣೆ ಸೀದು ಕಮಟುತ್ತದೆ. ಅದಕ್ಕೆ ನಾನು ಒಲೆಯ ಪಕ್ಕ ಕೂರಬೇಕಿತ್ತು. "ನಂಗ ಮೂಗಿಲ್ಲ ಕಣ್ಲಾ ಮಗ, ನೀನೇ ನನ್ ಮೂಗು. ಯೋಳು, ಆಗದಾ?" ಎನ್ನುತ್ತಿದ್ದಳು. ನಾನು "ಇಳ್ಸತ್ತೆ" ಎಂದ ಕೂಡಲೇ ಬಾಣಲೆ ಇಳಿಯುತ್ತಿತ್ತು. ಆ ಎಣ್ಣೆಯಿಂದ ಬೀದಿಯ ಎಳೆಗೂಸುಗಳಿಗೆಲ್ಲ ನೀರು ಹಾಕುತ್ತಿದ್ದವಳೂ ಅವಳೇ. ಮಣೆಯ ಮೇಲೆ ಕಾಲು ಚಾಚಿ ಕೂತು, ಮಗುವನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು, ನೆತ್ತಿಗೆ ಎಣ್ಣೆ ಒತ್ತಿ, ಕಡ್ಲೆಹಿಟ್ಟಿನಲ್ಲಿ ಉಜ್ಜಿ ಎರೆಯುವಳು. ಹಬ್ಬ ಮದುವೆಗಳಲ್ಲಿ ಹಿಂದೆ ನಿಲ್ಲಬೇಕಾಗಿದ್ದ ಅತ್ತೆಯನ್ನು ಜನ ಬಾಗಿಲಿಗೆ ಬಂದು ಕರೆಯುತ್ತಿದ್ದದ್ದು ಇದೊಂದಕ್ಕೇ.

ಮೂಲೆಮನೆಯ ಕೆಂಪಮ್ಮನಿಗೆ ಮೊಮ್ಮಗ ಹುಟ್ಟಿದ ದಿನಗಳವು. ನನ್ನ ಹತ್ತಿರ ಮರದ ಚಕ್ರದ ಆಟದ ಬಂಡಿಯೊಂದಿತ್ತು. ಅಪ್ಪ ಎತ್ತಿನ ಬಂಡಿಯ ಅಚ್ಚಿಗೆ ಹರಳೆಣ್ಣೆ ಬಿಡುವುದನ್ನು ನೋಡಿ ನಾನೂ ಹಾಗೇ ಮಾಡಲು ಹೋಗಿ, ಅತ್ತೆ ಮಗುವಿಗೆಂದು ಇಟ್ಟಿದ್ದ ಸೀಸೆಯನ್ನು ಕೈಜಾರಿಸಿದೆ. ಮುಕ್ಕಾಲು ಎಣ್ಣೆ ಮಣ್ಣಿಗೆ ಹೋಯಿತು. ಹೊಡೆತದ ಹೆದರಿಕೆಗೆ, ಎತ್ತಿನ ಹುಣ್ಣಿಗೆ ಹಚ್ಚಲು ಕೊಟ್ಟಿಗೆಯಲ್ಲಿಟ್ಟಿದ್ದ ಹಳೆಯ ಹೊಂಗೆ ಎಣ್ಣೆಯನ್ನು ಅದಕ್ಕೆ ತುಂಬಿಸಿಟ್ಟೆ. ಮಾರನೆಯ ಬೆಳಿಗ್ಗೆ ಅತ್ತೆ ಅದನ್ನು ಅಂಗೈಗೆ ಬಿಟ್ಟುಕೊಂಡು ಬೆಳಕಿಗೆ ಹಿಡಿದಳು.

"ಬಣ್ಣ ಯಾಕೋ ಕಪ್ಪಾಗದಲ್ಲ ಮಗ. ವಸಿ ಮೂಸು."

"ಚೆನ್ನಾಗದ ಅತ್ತೆ."

"ಸೀದಿಲ್ವಾ?"

"ಇಲ್ಲ."

ಅವಳು ಸೀಸೆ ಹಿಡಿದು ಮೂಲೆಮನೆಗೆ ಹೋದಳು. ಬಾಣಂತಿ ಕೋಣೆಯ ಸಾಂಬ್ರಾಣಿ ಹೊಗೆಯಲ್ಲಿ ಬೇರೆ ಯಾರಿಗೂ ವಾಸನೆ ಹತ್ತಲಿಲ್ಲ. ಸಂಜೆಯ ಹೊತ್ತಿಗೆ ಮಗುವಿನ ಮೈಯೆಲ್ಲ ಕೆಂಪು ಗುಳ್ಳೆ ಎದ್ದು, ಅತ್ತು ಅತ್ತು ಅದರ ದನಿಯೇ ಹೋಗಿತ್ತು. ಕೆಂಪಮ್ಮ ನಮ್ಮ ಬಾಗಿಲಲ್ಲಿ ನಿಂತು, "ನಿನ್ ಕೈನೇ ಸರಿಯಿಲ್ಲ ಕಣಮ್ಮಿ. ಗಂಡನ್ನ ನುಂಗ್ದ ಕೈ ಅದು. ಇನ್ನ ನಮ್ಮನೆ ಮೆಟ್ಲ ಅತ್ಬ್ಯಾಡ" ಎಂದಳು. ನಾನು ಎತ್ತುಗಳ ಹಿಂದೆ ನಿಂತು ಎಲ್ಲವನ್ನೂ ಕೇಳಿದೆ.

ಮಗು ಬೇಗ ಹುಷಾರಾಯಿತು. ಅತ್ತೆಯನ್ನು ಮಾತ್ರ ಆಮೇಲೆ ಯಾವ ಮನೆಯವರೂ ಕರೆಯಲಿಲ್ಲ. ನನ್ನ ತಮ್ಮ ಹುಟ್ಟಿದಾಗ ಅವ್ವ ಕೂಡ ಆಚೆ ಬೀದಿಯವಳನ್ನು ಕರೆಸಿದಳು. ಅತ್ತೆ ಹಂಡೆಯಲ್ಲಿ ನೀರು ಕಾಯಿಸಿಟ್ಟು, ಅವಳು ಬರುವ ಮೊದಲೇ ದನ ಹೊಡೆದುಕೊಂಡು ಹೊಲಕ್ಕೆ ಹೋಗಿಬಿಡುತ್ತಿದ್ದಳು. ಎಣ್ಣೆ ತೆಗೆಯುವುದನ್ನು ನಿಲ್ಲಿಸಲಿಲ್ಲ, ದೀಪಕ್ಕೂ ಬಂಡಿಗೂ ಬೇಕಲ್ಲ. ಬಾಣಲೆ ಒಲೆಗಿಟ್ಟಾಗ ಮೊದಲಿನಂತೆಯೇ ನನ್ನನ್ನು ಕೂಗುತ್ತಿದ್ದಳು. ನನ್ನ ಮೂಗನ್ನು ಅವಳು ಒಂದು ದಿನವೂ ಅನುಮಾನಿಸಲಿಲ್ಲ. ಅನುಮಾನಿಸಿದ್ದು ತನ್ನ ಕೈಯನ್ನು. ಮೊದಲು ಹೆದರಿಕೆಯಿಂದ ಸುಮ್ಮನಿದ್ದೆ. ಆಮೇಲೆ ನಾಚಿಕೆ. ಹೈಸ್ಕೂಲು ಮುಗಿಸಿ, ಊರು ಬಿಟ್ಟು, ಮದುವೆ ಮಕ್ಕಳು ಎಂದಾದ ಮೇಲೆ ಸುಮ್ಮನಿರುವುದೇ ಅಭ್ಯಾಸವಾಯಿತು.

ಇಷ್ಟನ್ನೂ ಅವತ್ತು ಗೀತಾಳಿಗೆ ಹೇಳಿದೆ. ಅವಳು ಸೋಪನ್ನು ಕಡೆಯುತ್ತಲೇ ಕೇಳಿಸಿಕೊಂಡು, "ಪುಟ್ಟತಾಯಜ್ಜಿ ಇನ್ನೂ ಇದ್ದಾರಲ್ಲ ಅಪ್ಪ. ನಂಗ್ಯಾಕೆ ಹೇಳ್ತಾ ಇದ್ದೀರ?" ಎಂದಳು.

ಮಾರನೆಯ ದಿನ ಉಡಿಗಾಲದ ಬಸ್ಸು ಹತ್ತಿದೆ. ನಾಡಹೆಂಚಿನ ಮನೆ ಕೆಡವಿ ಎಷ್ಟೋ ಕಾಲವಾಗಿದೆ. ಅದೇ ಜಾಗದಲ್ಲಿ ತಮ್ಮನ ತಾರಸಿ ಮನೆ. ಅದರ ಮುಂದೆ ಅತ್ತೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದಳು. ಪಕ್ಕದಲ್ಲಿ ಕೂತು, ಬಂಡಿ, ಸೀಸೆ, ಹೊಂಗೆ ಎಣ್ಣೆ ಎಲ್ಲವನ್ನೂ ಹೇಳಿದೆ. ಅವಳ ಕೈ ನಿಂತಿತು. ಆಮೇಲೆ, "ಈಗ ಯೋಳ್ತಿದ್ದಯಲ್ಲಾ. ಕೆಂಪಮ್ಮ ಸತ್ತೋದ್ಲು, ನಿಮ್ಮವ್ವ ಸತ್ತೋದ್ಲು. ಇನ್ನ ಯಾರ್ ಮುಂದ ಓಗಿ ನನ್ ಕೈ ತೋರ್ಸ್ಲಿ?" ಎಂದಳು.

ಬೈಗುಳಕ್ಕೆ ಸಿದ್ಧನಾಗಿ ಹೋಗಿದ್ದೆ, ಈ ಪ್ರಶ್ನೆಗೆ ಸಿದ್ಧನಾಗಿರಲಿಲ್ಲ. ಅಳು ಬಂತು.

"ಅತ್ತದ್ದು ಸಾಕು, ಏಳ್ಲಾ. ನಂಗ ಯೋಳ್ದಂಗೆ ಈ ಬೀದಿಗೂ ಯೋಳ್ಕೊಂಡ್ ಬಾ. ಒಂದ್ ಮನೆನೂ ಬುಡ್ಬ್ಯಾಡ."

ಹೋದೆ. ಉರಿಬಿಸಿಲಲ್ಲಿ ಮುದುಕನೊಬ್ಬ ಬಾಗಿಲು ಬಾಗಿಲಿಗೆ ಹೋಗಿ ಯಾವ ಕಾಲದ್ದೋ ಎಣ್ಣೆಯ ಕತೆ ಹೇಳಿದರೆ ಯಾರಿಗೆ ಅರ್ಥವಾದೀತು? ಕೆಲವರು ಕುಡಿಯಲು ನೀರು ಕೊಟ್ಟರು. ಒಬ್ಬಳು, "ಎಣ್ಣೆ ಮಾರಕ ಬಂದಿದ್ದೀರಾ ತಾತ? ನಮ್ಗ ಬ್ಯಾಡ" ಎಂದಳು. ಕೊನೆಗೆ ಮೂಲೆಮನೆ. ಜಗಲಿಯ ಮೇಲೆ ಪಟಾಪಟಿ ಚಡ್ಡಿಯಲ್ಲಿ ಬಸವಣ್ಣ ಕೂತಿದ್ದ. ಅವತ್ತು ಮೈಯೆಲ್ಲ ಗುಳ್ಳೆ ಎದ್ದಿದ್ದ ಮಗು ಅವನೇ. ಎಲ್ಲ ಕೇಳಿ, ತೋಳು ಉಜ್ಜಿಕೊಂಡು ನಕ್ಕ. "ಅದ್ಕೇ ಕಣಯ್ಯ ನಂದು ಎಮ್ಮೆ ಚರ್ಮ ಆಗಿರದು. ಎತ್ತಿನ ಔಸ್ತಿ ಆಕ್ಸ್‌ಬುಟ್ಟಿದ್ದೀಯ." ನಗು ನಿಂತ ಮೇಲೆ ನೆಲ ನೋಡುತ್ತಾ ಹೇಳಿದ: "ನಮ್ಮಜ್ಜಿ ಸಾಯಗಂಟ ಆ ಮಾತ ಆಡ್ತಿದ್ಲು. ನಾವೂ ನಂಬ್ಬುಟ್ಟಿದ್ದೊ." ಒಳಗೆ ಮಗು ಅತ್ತಿತು. ಅವನ ಮೊಮ್ಮಗಳು ಬಾಣಂತನಕ್ಕೆ ಬಂದಿದ್ದಳು. ಬಸವಣ್ಣ ಬಾಗಿಲ ಕಡೆ ತಿರುಗಿ, "ಅಮ್ಮಿ, ನಾಳ ಮಗೀಗ ನೀರಾಕಕ ಪುಟ್ಟತಾಯವ್ವನ್ನ ಕರ್ಸನ" ಎಂದು ಕೂಗಿದ.

ಬೆಳಿಗ್ಗೆ ಅತ್ತೆಯನ್ನು ತೋಳು ಹಿಡಿದು ಕರೆದುಕೊಂಡು ಹೋದೆ. ಮೆಟ್ಟಿಲ ಹತ್ತಿರ ನಿಂತಳು. ಆಮೇಲೆ ಹತ್ತಿದಳು. ಬಾಣಂತಿ ಮುಂದಿಟ್ಟ ಬೇಬಿ ಸೋಪನ್ನು ಪಕ್ಕಕ್ಕೆ ತಳ್ಳಿ, "ಕಡ್ಲೆಹಿಟ್ಟು ಇದ್ರೆ ತತ್ತಾ" ಎಂದದ್ದು ಜಗಲಿಯಲ್ಲಿದ್ದ ನನಗೆ ಕೇಳಿಸಿತು. ಬಾಗಿಲ ಸಂದಿಯಲ್ಲಿ ಅವಳ ಕೈ ಕಂಡಿತು. ನಡುಗುತ್ತಿತ್ತು, ನಡುಕ ಕೊನೆಯವರೆಗೂ ನಿಲ್ಲಲಿಲ್ಲ. ಆ ನಡುಕವೇ ತೂಗಿದಂತಾಗಿ ಮಗು ಅಳು ನಿಲ್ಲಿಸಿತು. ಸಂಜೆಯವರೆಗೆ ನಾನು ಊರು ಬಿಡಲಿಲ್ಲ. ಹೊತ್ತು ಮುಳುಗುವಾಗ ಬಸವಣ್ಣ ಬಂದು, "ಮಗ ಮಲ್ಗದ. ಮೈ ಮ್ಯಾಲ ಏನೂ ಇಲ್ಲ, ನೀನು ಓಗು" ಎಂದ. ಅಂದು ಬಸ್ಸಿನಲ್ಲಿ ಗಾಢ ನಿದ್ದೆ ಹೋದೆ, ಕಂಡಕ್ಟರ್ ಎಬ್ಬಿಸಬೇಕಾಯಿತು.

ಬಸವಣ್ಣನ ಮೊಮ್ಮಗಳು ಗಂಡನ ಮನೆಗೆ ಹೋಗುವವರೆಗೂ ಅತ್ತೆಯೇ ಮಗುವಿಗೆ ನೀರು ಹಾಕಿದಳು. ಚಳಿಗಾಲದಲ್ಲಿ ತೀರಿಕೊಂಡಳು. ಆ ನಾಡಹೆಂಚಿನ ಮನೆ ಇಲ್ಲ, ಬೇಲಿಯ ಹರಳುಗಿಡವಿಲ್ಲ, ನನ್ನನ್ನು ‘ಲಾ’ ಎಂದು ಕರೆಯುವವರೂ ಈಗ ಯಾರೂ ಉಳಿದಿಲ್ಲ. ಅವಳ ಮೈ ತೊಳೆಯಲು ಮೂಲೆಮನೆಯ ಹೆಂಗಸರೇ ಮೊದಲು ಬಂದಿದ್ದರು. ಅಡ್ಡ ಕಟ್ಟಿದ ಸೀರೆಯಾಚೆ ನೀರಿನ ಸದ್ದು. ಅವರಲ್ಲಿ ಯಾರೋ ಇನ್ನೊಬ್ಬಳಿಗೆ ಮೆಲ್ಲಗೆ, "ನಿಧಾನ ಕಣಮ್ಮಿ, ಮಕ್ಕಳ್ಗ ನೀರಾಕಿದ ಕೈ ಅದು" ಅಂದರು.